ಬಿಸಿಲಿನ ಯೂನಿಟ್ಟಿಗೆ ಬೆಲೆ ಎಷ್ಟು?

ಬೆಂಗಳೂರಿನ ತಾರಸಿಗಳಲ್ಲಿ ಸೂರ್ಯನಿಗೆ ಕೆಲಸವೆಂಬುದು ಹೊಸದೇನೂ ಅಲ್ಲ. ಹಪ್ಪಳ ಸಂಡಿಗೆಗಳನ್ನು ಒಣಗಿಸುವ ಹೊಣೆ ತಲೆಮಾರುಗಳಿಂದ ಆತನದೇ. ಸ್ನಾನದ ನೀರನ್ನು ಕಾಯಿಸುವ ಕೆಲಸವೂ ಈಚಿನ ಕೆಲವು ದಶಕಗಳಲ್ಲಿ ಆತನ ಪಾಲಿಗೆ ಸೇರಿತು. ಆ ಸಾಧನವನ್ನು ಇರಿಸಿಕೊಂಡ ಮನೆಗೆ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಷ್ಟು ರಿಯಾಯಿತಿ ಕೊಡುವ ಪದ್ಧತಿಯೂ ಬೆಳೆದುಬಂದಿತು. ಈಗ ಅವೇ ತಾರಸಿಗಳ ಮೇಲೆ ನೀಲಿಗಪ್ಪು ಬಣ್ಣದ ಫಲಕಗಳು ಏಳುತ್ತಿವೆ. ಇವು ನೀರನ್ನು ಕಾಯಿಸುವುದಿಲ್ಲ. ಬಿಸಿಲನ್ನು ನೇರವಾಗಿ ವಿದ್ಯುತ್ತನ್ನಾಗಿ ಮಾರ್ಪಡಿಸುತ್ತವೆ.

ಕೆಂಗೇರಿ ಉಪನಗರದಂತಹ ಒಂದು ಹೊರವಲಯದ ಬಡಾವಣೆಯಲ್ಲಿ ಎದುರುಬದುರಾಗಿ ನಿಂತ ಎರಡು ಮನೆಗಳನ್ನು ವಾಚಕರು ಕಲ್ಪಿಸಿಕೊಳ್ಳಲಿ. ಒಂದು ಮನೆಯಲ್ಲಿ ತಿಂಗಳಿಗೆ 350 ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ, ಇನ್ನೊಂದರಲ್ಲಿ 120. ಇಬ್ಬರೂ ತಮ್ಮ ತಮ್ಮ ಅಳತೆಗೆ ತಕ್ಕ ಫಲಕಗಳನ್ನು ಹಾಕಿಸಿಕೊಳ್ಳಲು ಯೋಚಿಸುತ್ತಿದ್ದಾರೆ. ಎರಡೂ ತಾರಸಿಗಳ ಮೇಲೆ ಬೀಳುವ ಬಿಸಿಲು ಒಂದೇ, ಫಲಕಗಳ ಜಾತಿಯೂ ಒಂದೇ. ಆದರೂ ಮೊದಲನೆಯವರ ಹಣವು ಸುಮಾರು ನಾಲ್ಕು ವರ್ಷಗಳಲ್ಲಿ ಹಿಂದಿರುಗುವುದೆಂದೂ ಎರಡನೆಯವರದಕ್ಕೆ ಹದಿನಾರು ವರ್ಷಗಳು ಬೇಕೆಂದೂ ಲೆಕ್ಕವು ಹೇಳುತ್ತದೆ. ಸೂರ್ಯನು ಪಕ್ಷಪಾತಿಯಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ. ಹಾಗಾದರೆ ಈ ಅಂತರವು ಹುಟ್ಟುವುದೆಲ್ಲಿ?

ಮೊದಲು ಭೌತಶಾಸ್ತ್ರದ ಪಾಲನ್ನು ಮುಗಿಸಿಬಿಡೋಣ. ಬೆಳಕು ಬಿದ್ದಾಗ ಕೆಲವು ಪದಾರ್ಥಗಳ ನಡುವೆ ವಿದ್ಯುತ್ ಪ್ರವಾಹವು ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿ ಕಂಡುಕೊಂಡನು. ಆಗ ಅವನಿಗೆ ಹತ್ತೊಂಬತ್ತು ವರ್ಷ ವಯಸ್ಸು. ಅದು ಬಳಕೆಗೆ ಬರಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚೇಪಿನ್, ಫುಲ್ಲರ್ ಮತ್ತು ಪಿಯರ್ಸನ್ ಎಂಬ ಮೂವರು ಸಿಲಿಕಾನ್ ಕೋಶವೊಂದನ್ನು ಮಾಡಿ ತೋರಿಸಿದರು. ಅದರ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ನೂರಕ್ಕೆ ಆರು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಇಂದು ಅಂಗಡಿಯಲ್ಲಿ ದೊರೆಯುವ ಫಲಕಗಳಲ್ಲಿ ಈ ದಕ್ಷತೆಯು ಶೇಕಡ 21ರ ಆಸುಪಾಸಿನಲ್ಲಿದೆ. ಬೆಲೆಯಲ್ಲಿ ಆದ ಬದಲಾವಣೆಯಂತೂ ಇನ್ನೂ ದೊಡ್ಡದು. 1970ರ ದಶಕದ ನಡುವಿನಲ್ಲಿ ಒಂದು ವಾಟ್ ಸಾಮರ್ಥ್ಯದ ಕೋಶಗಳಿಗೆ ಹತ್ತಾರು ಡಾಲರ್‌ಗಳನ್ನು ತೆರಬೇಕಾಗಿತ್ತು. ಇಂದು ಜಗತ್ತಿನ ಮಾರುಕಟ್ಟೆಯಲ್ಲಿ ಒಂದು ಡಾಲರಿನ ಅಲ್ಪಭಾಗ ಸಾಕು.

ಅಚ್ಚ ಬಿಸಿಲಿನ ನಡುಹಗಲಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 1,000 ವಾಟ್‌ಗಳಷ್ಟು ಬೆಳಕು ಸುರಿಯುತ್ತದೆ. ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಯ ತಾರಸಿ 80 ಚದರ ಮೀಟರ್ ಇದ್ದರೆ ಅದರ ಮೇಲೆ ಆ ಹೊತ್ತಿನಲ್ಲಿ ಬೀಳುವುದು 80 ಕಿಲೋವಾಟ್; 2 ಕಿಲೋವಾಟಿನ ಗೀಸರುಗಳನ್ನು ನಲವತ್ತು ಒಟ್ಟಿಗೆ ಉರಿಸಬಲ್ಲಷ್ಟು! ಈ ಸಂಪತ್ತಿನಲ್ಲಿ ನಮ್ಮ ಕೈಗೆ ಸಿಕ್ಕುವುದು ಎಷ್ಟು? ಬೆಂಗಳೂರಿನಲ್ಲಿ ಮೋಡ, ಮಳೆ, ಬೆಳಗು, ಬೈಗುಗಳನ್ನೆಲ್ಲ ಸೇರಿಸಿ ವರ್ಷದ ಸರಾಸರಿ ತೆಗೆದರೆ ದಿನವೊಂದಕ್ಕೆ ಸುಮಾರು 5.4 ಗಂಟೆಗಳ ‘ಪೂರ್ಣ ಬಿಸಿಲು’ ದೊರೆತಂತಾಗುತ್ತದೆ. ಆದಕಾರಣ 1 ಕಿಲೋವಾಟ್ ಎಂದು ಬರೆದಿರುವ ಫಲಕಗಳು ದಿನಕ್ಕೆ 5.4 ಯೂನಿಟ್ ಕೊಡಬೇಕು. ಆದರೆ ಕೊಡುವುದು ನಾಲ್ಕು ಮಾತ್ರ. ಉಳಿದ ಕಾಲು ಭಾಗ ಸೋರಿಹೋಗುವ ದಾರಿಗಳಲ್ಲಿ ಮುಖ್ಯವಾದುದು ತಾಪ. ಫಲಕದ ಮೇಲೆ ಬರೆದಿರುವ ಸಾಮರ್ಥ್ಯವು 25 ಡಿಗ್ರಿ ಉಷ್ಣತೆಯಲ್ಲಿ ಅಳೆದದ್ದು. ಅಲ್ಲಿಂದ ಮೇಲಕ್ಕೆ ಒಂದೊಂದು ಡಿಗ್ರಿಗೂ ಶೇಕಡ 0.35ರಷ್ಟು ಶಕ್ತಿ ಕುಂದುತ್ತದೆ. ಬಿಸಿಲಿನಲ್ಲಿ ಬೇಯುವ ಫಲಕದ ಮೈ 60 ಡಿಗ್ರಿಗೆ ಏರಿತೆಂದರೆ ಎಂಟರಲ್ಲಿ ಒಂದು ಪಾಲು ಅಲ್ಲಿಯೇ ಹೋಯಿತು. ಸೌರಫಲಕಕ್ಕೆ ಬೇಕಾದುದು ಬೆಳಕೇ ಹೊರತು ಸೆಕೆಯಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಧೂಳು, ತಂತಿ ಮತ್ತು ಇನ್ವರ್ಟರುಗಳಲ್ಲಿ ಉಳಿದಷ್ಟು ನಷ್ಟವಾಗುತ್ತದೆ.

ಅಂತೂ ಕಿಲೋವಾಟಿಗೆ ದಿನಕ್ಕೆ ನಾಲ್ಕು ಯೂನಿಟ್, ತಿಂಗಳಿಗೆ 120. ಮೊದಲ ಮನೆಗೆ 3 ಕಿಲೋವಾಟ್ ಹಾಕಿಸಿದರೆ ತಿಂಗಳಿಗೆ 360 ಯೂನಿಟ್ ಆಗಿ ಅವರ ಬಳಕೆ ಪೂರ್ತಿಯಾಗಿ ತುಂಬುತ್ತದೆ. ಇದಕ್ಕೆ 540 ವಾಟಿನ ಆರು ಫಲಕಗಳು ಸಾಕು. ಅವುಗಳ ವಿಸ್ತಾರ ಹದಿನಾರು ಚದರ ಮೀಟರ್‌ಗಿಂತಲೂ ಕಡಿಮೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಹೆಚ್ಚುಕಡಿಮೆ ಅಷ್ಟೇ ಓರೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸುವುದು ವಾಡಿಕೆ. ಸಂಡಿಗೆ ಒಣಹಾಕುವವರಿಗೂ ತಾರಸಿಯ ಅದೇ ಜಾಗವೇ ಬೇಕಾಗಿರುವುದರಿಂದ ಮನೆಯೊಳಗೆ ಸಣ್ಣ ವ್ಯಾಜ್ಯವೊಂದು ಏಳಬಹುದು. ಅದು ನಮ್ಮ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ.

ಇನ್ನು ಖರ್ಚು. ಚೌಕಟ್ಟು, ಇನ್ವರ್ಟರು, ತಂತಿ, ಕೂಲಿ ಎಲ್ಲವೂ ಸೇರಿ 3 ಕಿಲೋವಾಟಿಗೆ 1,90,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಕೇಂದ್ರ ಸರ್ಕಾರವು 2024ರ ಫೆಬ್ರುವರಿಯಲ್ಲಿ ಆರಂಭಿಸಿದ ‘ಪ್ರಧಾನ ಮಂತ್ರಿ ಸೂರ್ಯಘರ್’ ಯೋಜನೆಯಂತೆ ಮೊದಲ ಎರಡು ಕಿಲೋವಾಟುಗಳಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ ದೊರೆಯುತ್ತದೆ. ಮೂರಕ್ಕಿಂತ ಹೆಚ್ಚು ಹಾಕಿಸಿದರೂ ಅಷ್ಟೇ. ಒಂದು ಕೋಟಿ ಮನೆಗಳನ್ನು ಮುಟ್ಟುವ ಗುರಿಯಿಟ್ಟುಕೊಂಡ ಈ ಯೋಜನೆಗೆ 75,021 ಕೋಟಿ ರೂಪಾಯಿ ಗೊತ್ತುಮಾಡಲಾಯಿತು. ಈ ಹಣಕ್ಕೊಂದು ನಿಬಂಧನೆಯುಂಟು: ಫಲಕವೂ ಅದರೊಳಗಿನ ಕೋಶಗಳೂ ನಮ್ಮ ದೇಶದಲ್ಲಿಯೇ ತಯಾರಾದವುಗಳಾಗಿರಬೇಕು. ಅಂತಹ ಫಲಕಗಳು ಹೊರಗಿನಿಂದ ಬಂದ ಕೋಶಗಳ ಫಲಕಗಳಿಗಿಂತ ತುಸು ದುಬಾರಿ. ಹೀಗಾಗಿ ಸರ್ಕಾರ ಒಂದು ಕೈಯಿಂದ ಕೊಟ್ಟದ್ದರಲ್ಲಿ ಸ್ವಲ್ಪ ಭಾಗವು ಕಾರ್ಖಾನೆಯ ಕಡೆಗೆ ಸಾಗುತ್ತದೆ. ಇದನ್ನು ದೂರಬೇಕಾಗಿಲ್ಲ, ಆದರೆ ತಿಳಿದಿರಬೇಕು. 2025ರ ಸೆಪ್ಟೆಂಬರ್ 22ರಿಂದ ಸೌರ ಸಾಧನಗಳ ಮೇಲಣ ಸರಕು ಮತ್ತು ಸೇವಾ ತೆರಿಗೆಯೂ ಶೇಕಡ 12ರಿಂದ 5ಕ್ಕೆ ಇಳಿಯಿತು. ಸಹಾಯಧನ ಕಳೆದರೆ ಮೊದಲ ಮನೆಯವರ ಕೈಯಿಂದ ಹೋಗುವುದು 1,12,000.

ಈ ಮೊತ್ತವನ್ನು ಯಾವುದರಿಂದ ಭಾಗಿಸಬೇಕೆಂಬುದೇ ಮುಖ್ಯ ಪ್ರಶ್ನೆ. ಫಲಕವು ಹಣವನ್ನು ಉತ್ಪಾದಿಸುವುದಿಲ್ಲ, ಯೂನಿಟ್ಟುಗಳನ್ನು ಉತ್ಪಾದಿಸುತ್ತದೆ. ಆ ಯೂನಿಟ್ಟು ಯಾವ ಬೆಲೆಯ ಯೂನಿಟ್ಟನ್ನು ತಳ್ಳಿ ಆ ಸ್ಥಾನದಲ್ಲಿ ಕುಳಿತುಕೊಳ್ಳುತ್ತದೆಯೋ ಆ ಬೆಲೆಯೇ ಅದರ ಬೆಲೆ. ಈ ಬೆಲೆಯನ್ನು ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿ.

ಕೆಲವು ವರ್ಷಗಳ ಹಿಂದೆ ನಮ್ಮ ದರಪಟ್ಟಿಯು ಮೆಟ್ಟಿಲುಮೆಟ್ಟಿಲಾಗಿತ್ತು. ಮೊದಲ ಯೂನಿಟ್ಟುಗಳು ಅಗ್ಗ. ತಿಂಗಳಿಗೆ 200 ಮೀರಿದ ಮೇಲಿನ ಯೂನಿಟ್ಟುಗಳಿಗೆ ತಲಾ 8 ರೂಪಾಯಿಗೂ ಹೆಚ್ಚು. ಅಂತಹ ಪದ್ಧತಿಯಲ್ಲಿ ಸಣ್ಣ ಫಲಕವೂ ಲಾಭದಾಯಕ. ಏಕೆಂದರೆ ಅದು ಮೊದಲು ಕಡಿಯುವುದು ಮೇಲಿನ ಮೆಟ್ಟಿಲನ್ನು, ಎಂದರೆ ಎಲ್ಲಕ್ಕಿಂತ ದುಬಾರಿಯಾದ ಯೂನಿಟ್ಟನ್ನು. 2023ರಲ್ಲಿ ಮೆಟ್ಟಿಲುಗಳು ಎರಡೇ ಆದವು: ನೂರರವರೆಗೆ 4 ರೂ. 75 ಪೈಸೆ, ನೂರು ಮೀರಿದರೆ ಎಲ್ಲಕ್ಕೂ 7 ರೂಪಾಯಿ. 2024ರಲ್ಲಿ ಮೆಟ್ಟಿಲುಗಳೇ ಮಾಯವಾಗಿ ಎಲ್ಲ ಯೂನಿಟ್ಟಿಗೂ 5 ರೂ. 90 ಪೈಸೆ ಆಯಿತು. 2025-26ನೆಯ ಸಾಲಿಗೆ 5 ರೂ. 80 ಪೈಸೆ. ಇದರ ಮೇಲೆ ಪಿಂಚಣಿಯ ಬಾಬಿನ ಮೇಲ್ತೆರವನ್ನೂ ತೆರಿಗೆಯನ್ನೂ ಸೇರಿಸಿದರೆ ಯೂನಿಟ್ಟೊಂದು ಆರೂವರೆ ರೂಪಾಯಿಯ ಆಸುಪಾಸಿಗೆ ಬರುತ್ತದೆ. ಮಂಜೂರಾದ ಕಿಲೋವಾಟಿಗೆ ಇಷ್ಟೆಂದು ಪ್ರತಿ ತಿಂಗಳೂ ಬೀಳುವ ನಿಗದಿತ ಶುಲ್ಕವನ್ನು ನಾವು ಇಲ್ಲಿ ಸೇರಿಸಿಲ್ಲ. ಅದನ್ನು ಸೂರ್ಯನೂ ತಪ್ಪಿಸಲಾರನು. ‘ಬಿಲ್ಲು ಸೊನ್ನೆಯಾಗುತ್ತದೆ’ ಎಂದು ಮಾರುವವರು ಹೇಳಿದರೆ ಈ ಸಾಲನ್ನು ಬಿಲ್ಲಿನಲ್ಲಿ ತೋರಿಸಿ ಕೇಳಬಹುದು.

ಮೊದಲ ಮನೆಯ ಲೆಕ್ಕ ಈಗ ಸುಲಭ. ತಿಂಗಳಿಗೆ 350 ಯೂನಿಟ್ ಉಳಿತಾಯ, ಆರೂವರೆ ರೂಪಾಯಿಯಂತೆ 2,275; ವರ್ಷಕ್ಕೆ 27,300. ಹಾಕಿದ 1,12,000 ರೂಪಾಯಿಯನ್ನು ಇದರಿಂದ ಭಾಗಿಸಿದರೆ ನಾಲ್ಕು ವರ್ಷಗಳಿಗೆ ತುಸು ಮೇಲೆ. ಸಹಾಯಧನವಿಲ್ಲದೆ ಹೋಗಿದ್ದರೆ ಏಳು. ಫಲಕಗಳ ಬಾಳಿಕೆ ಇಪ್ಪತ್ತೈದು ವರ್ಷಗಳೆಂದು ಎಣಿಸಲಾಗುತ್ತದೆ. ವರ್ಷಕ್ಕೆ ಶೇಕಡ ಅರ್ಧದಷ್ಟು ಅವುಗಳ ಶಕ್ತಿ ಕುಗ್ಗುತ್ತದೆ. ಇನ್ವರ್ಟರು ಅಷ್ಟು ದೀರ್ಘಾಯುಷಿಯಲ್ಲ. ಹತ್ತು ವರ್ಷಗಳ ಸುಮಾರಿಗೆ ಒಂದು ಬಾರಿ ಬದಲಾಯಿಸಬೇಕಾದೀತು. ಇವನ್ನೆಲ್ಲ ಕಳೆದರೂ ಇದು ಒಳ್ಳೆಯ ವ್ಯಾಪಾರವೇ.

ಎರಡನೆಯ ಮನೆಯ ಬಿಲ್ಲನ್ನು ನೋಡಿದರೆ ಚಿತ್ರವು ಬೇರೆಯಾಗುತ್ತದೆ. ರಾಜ್ಯ ಸರ್ಕಾರವು 2023ರಲ್ಲಿ ಆರಂಭಿಸಿದ ‘ಗೃಹಜ್ಯೋತಿ’ ಯೋಜನೆಯ ಪ್ರಕಾರ ತಿಂಗಳಿಗೆ 200 ಯೂನಿಟ್ಟಿನ ಒಳಗೆ, ತನ್ನ ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿದ ಮಿತಿಯವರೆಗೆ ಬಳಸುವ ಮನೆಗೆ ವಿದ್ಯುತ್ತು ಉಚಿತ. 120 ಯೂನಿಟ್ ಬಳಸುವ ಮನೆ ಏನನ್ನೂ ಕೊಡುವುದಿಲ್ಲ. ಏನನ್ನೂ ಕೊಡದಿರುವವರು ಉಳಿಸುವುದಾದರೂ ಏನನ್ನು? ಅವರು 2 ಕಿಲೋವಾಟ್ ಫಲಕಗಳನ್ನು 1,30,000 ರೂಪಾಯಿಗೆ ಹಾಕಿಸಿ 60,000 ಸಹಾಯಧನ ಪಡೆದರೆ ಕೈಯಿಂದ 70,000 ಹೋಗುತ್ತದೆ. ಹುಟ್ಟುವ 240 ಯೂನಿಟ್ಟುಗಳಲ್ಲಿ 120 ಮೊದಲೇ ಉಚಿತವಾಗಿದ್ದವುಗಳ ಸ್ಥಾನವನ್ನು ತುಂಬುತ್ತವೆ; ಅವುಗಳ ಬೆಲೆ ಸೊನ್ನೆ. ಉಳಿದ 120 ಬೆಸ್ಕಾಮಿನ ಜಾಲಕ್ಕೆ ಹೋಗುತ್ತವೆ. ಅವಕ್ಕೆ ಮೂರು ರೂಪಾಯಿ ಎಂದು ಧಾರಾಳವಾಗಿಯೇ ಹಿಡಿದರೂ ತಿಂಗಳಿಗೆ 360, ವರ್ಷಕ್ಕೆ 4,320. ಎಪ್ಪತ್ತು ಸಾವಿರ ಹಿಂದಿರುಗಲು ಹದಿನಾರು ವರ್ಷಗಳು. ಅಷ್ಟರಲ್ಲಿ ಇನ್ವರ್ಟರೂ ಒಮ್ಮೆ ಬದಲಾಗಿರುತ್ತದೆ.

ಇದು ವಿಚಿತ್ರವಾದ ಸ್ಥಿತಿ. ಒಂದು ಸರ್ಕಾರವು ಫಲಕ ಹಾಕಿಸಿಕೊಳ್ಳಿರೆಂದು ಹಣ ಕೊಡುತ್ತದೆ. ಇನ್ನೊಂದು ಸರ್ಕಾರವು ಹಾಕಿಸಿಕೊಳ್ಳಲು ಕಾರಣವೇ ಇಲ್ಲದಂತೆ ಮಾಡುತ್ತದೆ. ಎರಡರ ಉದ್ದೇಶವೂ ಕೆಟ್ಟದ್ದಲ್ಲ. ಬಡಮನೆಯ ದೀಪದ ಖರ್ಚನ್ನು ಹೊತ್ತುಕೊಳ್ಳುವುದು ತಪ್ಪೆಂದು ನಾವು ಹೇಳಲಾರೆವು. ಆದರೆ ಫಲವನ್ನು ನೋಡಬೇಕು: ಸಾರ್ವಜನಿಕರ ಹಣದಿಂದ ಬಂದ 78,000 ರೂಪಾಯಿಗಳು ಹೋಗಿ ಸೇರುವುದು ಮುನ್ನೂರೈವತ್ತು ಯೂನಿಟ್ ಸುಡುವ, ಸ್ವಂತ ತಾರಸಿಯುಳ್ಳ, ಲಕ್ಷ ರೂಪಾಯಿ ಕೈಯಲ್ಲಿರುವ ಮನೆಗೆ. ಬಾಡಿಗೆಯ ಮನೆಯವರಿಗಂತೂ ತಾರಸಿಯೇ ಇಲ್ಲ. ಪ್ರತಿ ತಿಂಗಳೂ ಉಚಿತ ಯೂನಿಟ್ಟಿಗಾಗಿ ತೆರುವ ಹಣದಲ್ಲಿ ಸ್ವಲ್ಪ ಭಾಗವನ್ನು ಅವೇ ಮನೆಗಳ ಮೇಲೆ ಫಲಕವಿರಿಸಲು ಬಳಸಿದ್ದರೆ ಕೆಲವು ವರ್ಷಗಳಲ್ಲಿ ಆ ಹೊರೆ ತಾನಾಗಿ ಇಳಿಯುತ್ತಿತ್ತೆಂದು ನಮ್ಮ ಎಣಿಕೆ.

ಇವೆರಡು ಮನೆಗಳ ನಡುವೆ ಮೂರನೆಯದೊಂದು ಉಂಟು. ಅದರ ಪಾಡು ಎಲ್ಲಕ್ಕಿಂತ ಸ್ವಾರಸ್ಯವಾದುದು. ಈ ಮನೆ ತಿಂಗಳಿಗೆ 205 ಯೂನಿಟ್ ಬಳಸುತ್ತದೆ. ಇನ್ನೂರು ದಾಟಿದೊಡನೆ ಉಚಿತವೆಂಬುದು ಪೂರ್ತಿ ತಪ್ಪಿಹೋಗಿ 205ಕ್ಕೂ ಹಣ ಕೊಡಬೇಕಾಗುತ್ತದೆ. ಐದೇ ಯೂನಿಟ್ಟು ಸಾವಿರಾರು ರೂಪಾಯಿಯ ತೂಕದ್ದಾಯಿತು. ಇವರಿಗೆ ಬೇಕಾದುದು ಲಕ್ಷ ರೂಪಾಯಿಯ ಫಲಕವಲ್ಲ. 75 ವಾಟಿನ ಹಳೆಯ ಫ್ಯಾನನ್ನು ತೆಗೆದು 28 ವಾಟಿನ ಹೊಸ ಬಗೆಯದನ್ನು ಹಾಕಿದರೆ, ದಿನಕ್ಕೆ ಹತ್ತು ಗಂಟೆಯಂತೆ ತಿಂಗಳಿಗೆ ಹದಿನಾಲ್ಕು ಯೂನಿಟ್ಟು ಉಳಿಯುತ್ತದೆ.

ಜಾಲಕ್ಕೆ ಕೊಟ್ಟ ಯೂನಿಟ್ಟಿಗೆ ಮೂರೇ ರೂಪಾಯಿ ಏಕೆಂದು ಕೆಲವರು ಕೇಳುವುದುಂಟು. ಕರ್ನಾಟಕದಲ್ಲಿ 2013ರಲ್ಲಿ ಛಾವಣಿಯ ಸೌರವಿದ್ಯುತ್ತಿಗೆ ಆಯೋಗವು ಗೊತ್ತುಮಾಡಿದ ದರವು ಯೂನಿಟ್ಟಿಗೆ 9 ರೂ. 56 ಪೈಸೆ, ಎಂದರೆ ಮನೆಯವರು ಬೆಸ್ಕಾಮಿಗೆ ಕೊಡುತ್ತಿದ್ದುದಕ್ಕಿಂತಲೂ ಹೆಚ್ಚು. ಆಮೇಲಿನ ಆದೇಶಗಳಲ್ಲಿ ಅದು ಇಳಿಯುತ್ತ ಬಂದು, ಸಹಾಯಧನ ಪಡೆದ ಮನೆಗಳ ಪಾಲಿಗೆ ಮೂರು ರೂಪಾಯಿಗಿಂತಲೂ ಕೆಳಗೆ ಬಂದಿದೆ. ಇದನ್ನು ಬರಿಯ ಜಿಪುಣತನವೆನ್ನಲಾಗದು. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ದೊಡ್ಡ ಸೌರಸ್ಥಾವರಗಳಿಗಾಗಿ ನಡೆದ ಹರಾಜಿನಲ್ಲಿ ಯೂನಿಟ್ಟಿಗೆ 2 ರೂ. 44 ಪೈಸೆಗೆ ಒಪ್ಪಿಕೊಂಡವರಿದ್ದರು. ನಮ್ಮ ಪಾವಗಡದಲ್ಲಿಯೇ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಕೆಂಗೇರಿಯ ತಾರಸಿಯಲ್ಲಿ ಯೂನಿಟ್ಟು ಹೆಚ್ಚಾಗುವ ಹೊತ್ತಿನಲ್ಲಿಯೇ ಪಾವಗಡದಲ್ಲಿಯೂ ಹೆಚ್ಚಾಗಿರುತ್ತದೆ. ಕುಂಬಳಕಾಯಿ ಊರೆಲ್ಲ ಬೆಳೆದ ದಿನ ಸಂತೆಯಲ್ಲಿ ಕುಂಬಳಕಾಯಿಗೆ ಬೆಲೆ ಬಂದೀತೆ?

ಆದಕಾರಣ ಫಲಕಗಳ ಅಳತೆಯನ್ನು ನಿರ್ಧರಿಸುವಾಗ ತಾರಸಿಯ ವಿಸ್ತಾರವನ್ನು ನೋಡಬಾರದು, ಬಿಲ್ಲನ್ನು ನೋಡಬೇಕು. ಮನೆಯಲ್ಲಿ ಬಳಸುವ ಯೂನಿಟ್ಟು ಆರೂವರೆ ರೂಪಾಯಿ, ಹೊರಗೆ ಕೊಡುವ ಯೂನಿಟ್ಟು ಮೂರಕ್ಕಿಂತ ಕಡಿಮೆ. ಬಳಕೆಯನ್ನು ಮೀರಿದ ಒಂದೊಂದು ಫಲಕವೂ ಅರ್ಧ ಸಂಬಳದ ಕೆಲಸಗಾರ. ಇಲ್ಲಿ ಗೃಹಸ್ಥನಿಗೆ ನೆರವಾಗುವುದು ‘ನೆಟ್ ಮೀಟರು’. ಹಗಲು ಹೊರಕ್ಕೆ ಹೋದ ಯೂನಿಟ್ಟುಗಳನ್ನೂ ರಾತ್ರಿ ಒಳಕ್ಕೆ ಬಂದವುಗಳನ್ನೂ ಅದು ಬೇರೆಬೇರೆಯಾಗಿ ಎಣಿಸುತ್ತದೆ. ತಿಂಗಳ ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆಯಲಾಗುತ್ತದೆ. ಹಗಲಿನ ಯೂನಿಟ್ಟನ್ನು ಬೆಸ್ಕಾಮಿನ ಬಳಿ ಇಟ್ಟು ರಾತ್ರಿ ಅದೇ ಬೆಲೆಗೆ ಹಿಂದಕ್ಕೆ ಪಡೆದಂತೆ. ಬ್ಯಾಟರಿಯಿಲ್ಲದೆಯೇ ಬ್ಯಾಟರಿಯ ಅನುಕೂಲ!

ಬ್ಯಾಟರಿಯ ಮಾತು ಬಂದುದರಿಂದ ಒಂದು ಎಚ್ಚರಿಕೆ. ಇಂತಹ ಸಾಮಾನ್ಯ ಏರ್ಪಾಟಿನಲ್ಲಿ ಬೀದಿಯ ವಿದ್ಯುತ್ತು ಹೋದರೆ, ಹೊರಗೆ ಕಣ್ಣು ಕೋರೈಸುವ ಬಿಸಿಲಿದ್ದರೂ, ಮನೆಯ ವಿದ್ಯುತ್ತೂ ಹೋಗುತ್ತದೆ. ಹಲವರು ಇದನ್ನು ಮೋಸವೆಂದು ತಿಳಿಯುತ್ತಾರೆ. ಇದು ಮೋಸವಲ್ಲ. ಜಾಲದಲ್ಲಿ ವಿದ್ಯುತ್ತಿಲ್ಲವೆಂದು ನಂಬಿ ಕಂಬವನ್ನೇರಿದ ಲೈನ್‌ಮನ್ನನಿಗೆ ನಮ್ಮ ತಾರಸಿಯಿಂದ ಹರಿದ ವಿದ್ಯುತ್ತು ತಗುಲಿದರೆ ಪ್ರಾಣಕ್ಕೇ ಅಪಾಯ. ಅದಕ್ಕಾಗಿಯೇ ಇನ್ವರ್ಟರು ಜಾಲದ ನಾಡಿಯನ್ನು ಸದಾ ಹಿಡಿದು ನೋಡುತ್ತಿದ್ದು, ಅದು ನಿಂತ ಕೂಡಲೆ ತಾನೂ ನಿಲ್ಲುವಂತೆ ಮಾಡಲಾಗಿದೆ. ಕರೆಂಟು ಹೋದಾಗಲೂ ದೀಪ ಬೇಕೆನ್ನುವವರು ಬ್ಯಾಟರಿ ಸಹಿತವಾದ ಏರ್ಪಾಟನ್ನು ಬೇರೆಯೇ ಖರ್ಚಿನಲ್ಲಿ ಮಾಡಿಕೊಳ್ಳಬೇಕು.

ಉಪನಗರದ ಫಲಕಗಳಿಗೆ ದೊಡ್ಡ ಶತ್ರು ಮೋಡವಲ್ಲ, ನೆರೆಮನೆ. ಫಲಕದೊಳಗಿನ ಕೋಶಗಳು ಸರಪಣಿಯ ಕೊಂಡಿಗಳಂತೆ ಒಂದರ ಹಿಂದೆ ಒಂದು ಶ್ರೇಣಿಯಲ್ಲಿ ಜೋಡಿಸಲ್ಪಟ್ಟಿರುತ್ತವೆ. ಶ್ರೇಣಿಯಲ್ಲಿ ಹರಿಯುವ ಪ್ರವಾಹವು ಎಲ್ಲೆಡೆಯೂ ಒಂದೇ ಆಗಿರಬೇಕೆಂಬುದನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿತಿರುತ್ತಾರೆ. ಒಂದು ಕೋಶಕ್ಕೆ ನೆರಳು ಬಿದ್ದರೆ ಅದು ಪ್ರವಾಹವನ್ನು ಕೊಡುವುದಿರಲಿ, ಉಳಿದವುಗಳ ಪ್ರವಾಹಕ್ಕೂ ಅಡ್ಡ ನಿಂತು ತಾನೇ ಕಾದುಹೋಗುತ್ತದೆ. ಈ ಕೇಡನ್ನು ತಪ್ಪಿಸಲು ಫಲಕವನ್ನು ಸಾಮಾನ್ಯವಾಗಿ ಮೂರು ಭಾಗ ಮಾಡಿ ಒಂದೊಂದಕ್ಕೂ ಬಳಸುದಾರಿಯಾಗಿ ಒಂದೊಂದು ಡಯೋಡನ್ನು ಇಟ್ಟಿರುತ್ತಾರೆ. ಆದಾಗ್ಯೂ ಒಂದು ತೆಂಗಿನ ಗರಿಯ ನೆರಳು ಫಲಕದ ಮೂರನೆಯ ಒಂದು ಪಾಲನ್ನು ಕೆಡಿಸಬಲ್ಲದು.

ಈಗ ದಕ್ಷಿಣದ ನಿವೇಶನದವರು ಮನೆಯ ಮೇಲೆ ಇನ್ನೆರಡು ಅಂತಸ್ತು ಕಟ್ಟಿದರೆಂದು ಭಾವಿಸೋಣ; ನಮ್ಮ ತಾರಸಿಗಿಂತ ಆರು ಮೀಟರ್ ಎತ್ತರದ ಗೋಡೆ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ನಡುಹಗಲ ಸೂರ್ಯನ ಎತ್ತರ ಸುಮಾರು 53 ಡಿಗ್ರಿ. ತ್ರಿಕೋನಮಿತಿಯಿಂದ ನೆರಳಿನ ಉದ್ದವು ನಾಲ್ಕೂವರೆ ಮೀಟರ್ ಎಂದು ಬರುತ್ತದೆ. ಮೂವತ್ತಡಿ ನಿವೇಶನದ ಅರ್ಧದಷ್ಟು! ಬೆಳಿಗ್ಗೆ ಸಂಜೆಗಳಲ್ಲಿ ನೆರಳು ಇನ್ನೂ ದೂರಕ್ಕೆ ಚಾಚುತ್ತದೆ. ಜೂನ್ ತಿಂಗಳಲ್ಲಿ ನಡುಹಗಲ ಸೂರ್ಯನು ನಮ್ಮ ತಲೆಯಿಂದ ತುಸು ಉತ್ತರಕ್ಕೇ ಇರುವುದರಿಂದ ಆ ಗೋಡೆ ತೊಂದರೆ ಕೊಡದು. ಆದರೆ ಆಗ ಮುಂಗಾರಿನ ಮೋಡಗಳು ಕವಿದಿರುತ್ತವೆ. ಇಪ್ಪತ್ತೈದು ವರ್ಷಗಳ ಆಯುಸ್ಸನ್ನು ಲೆಕ್ಕಕ್ಕೆ ಹಿಡಿಯುವವರು ಅಷ್ಟು ವರ್ಷಗಳಲ್ಲಿ ತಮ್ಮ ದಕ್ಷಿಣಕ್ಕೆ ಏನೇನು ಏಳಬಹುದೆಂಬುದನ್ನೂ ಎಣಿಸಬೇಕು. ಧೂಳಿನ ವಿಷಯ ಇಷ್ಟು ಗಂಭೀರವಲ್ಲ. ಕಟ್ಟಡದ ಕೆಲಸ ನಡೆಯುವ ಬೀದಿಯಲ್ಲಿ ವಾರಕ್ಕೊಮ್ಮೆ ಮುಂಜಾನೆ ತೊಳೆದರಾಯಿತು. ಗಡಸಾದ ಕೊಳವೆಬಾವಿಯ ನೀರು ಗಾಜಿನ ಮೇಲೆ ಬಿಳಿಯ ಕರೆ ಬಿಡುತ್ತದೆಯಾದ್ದರಿಂದ ತೊಳೆದೊಡನೆ ಒರಸಿಬಿಡುವುದು ಮೇಲು.

ನಾಲ್ಕು ವರ್ಷಗಳೆಂಬ ನಮ್ಮ ಲೆಕ್ಕದ ಹಿಂದೆ ಒಂದು ಊಹೆ ಅಡಗಿದೆ: ನಡುಹಗಲಿನ ಯೂನಿಟ್ಟಿಗೂ ಸಂಜೆಯ ಯೂನಿಟ್ಟಿಗೂ ಬೆಲೆ ಒಂದೇ ಎಂಬುದು. ಇದು ಹೀಗೆಯೇ ಉಳಿಯುವ ಹಾಗೆ ತೋರುವುದಿಲ್ಲ. ಕೇಂದ್ರ ಸರ್ಕಾರವು 2023ರಲ್ಲಿ ತಿದ್ದಿದ ವಿದ್ಯುತ್ ಗ್ರಾಹಕರ ನಿಯಮಗಳು ಹೊತ್ತಿಗೆ ತಕ್ಕ ದರವನ್ನು ವಿಧಿಸಲು ಹೇಳುತ್ತವೆ: ಬಿಸಿಲಿರುವ ಎಂಟು ಗಂಟೆಗಳಲ್ಲಿ ಸಾಮಾನ್ಯ ದರಕ್ಕಿಂತ ಶೇಕಡ 10ರಿಂದ 20ರಷ್ಟು ಕಡಿಮೆ, ಬೇಡಿಕೆ ಹೆಚ್ಚಾಗುವ ಸಂಜೆಯ ಹೊತ್ತಿನಲ್ಲಿ ಅಷ್ಟೇ ಹೆಚ್ಚು. ಮನೆಗಳಿಗೆ ಹೊತ್ತನ್ನೂ ದಾಖಲಿಸುವ ಸ್ಮಾರ್ಟ್ ಮೀಟರು ಬಂದಂತೆ ಇದು ಜಾರಿಗೆ ಬರಬೇಕಾಗಿದೆ. ಆಗ ಹಗಲು ಒಂದು ಯೂನಿಟ್ಟು ಕೊಟ್ಟವರಿಗೆ ರಾತ್ರಿ ಒಂದು ಪೂರ್ತಿ ಯೂನಿಟ್ಟಿನ ಬೆಲೆ ಸಿಕ್ಕದೆ ಹೋಗಬಹುದು. ಬಟ್ಟೆ ಒಗೆಯುವ ಯಂತ್ರವನ್ನೂ ನೀರೆತ್ತುವ ಪಂಪನ್ನೂ ಇಸ್ತ್ರಿಯನ್ನೂ ಹನ್ನೊಂದರಿಂದ ಮೂರು ಗಂಟೆಯೊಳಗೆ ಮುಗಿಸಿಕೊಳ್ಳುವ ಮನೆಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಹಗಲೆಲ್ಲ ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗಿ, ಸಂಜೆ ಏಳಕ್ಕೆ ಬಂದು ಎಲ್ಲ ಗುಂಡಿಗಳನ್ನೂ ಒಮ್ಮೆಗೇ ಒತ್ತುವ ಮನೆಯವರು ನಾಲ್ಕರ ಬದಲು ಐದು ವರ್ಷಗಳೆಂದು ಎಣಿಸಿ ಹಣ ಹಾಕುವುದು ಲೇಸು.